ಹುಟ್ಟುಗುಣ, ಮಣ್ಣು ಮತ್ತು ಆಟದ ಹೊತ್ತು: ಮಗುವಿನ ಸ್ವಭಾವ ರೂಪುಗೊಳ್ಳುವ ಬಗೆ

'ತುಂಬ ಹಠ ಮಾಡ್ತಾನೆ', 'ಒಂದು ಕಡೆ ಕೂರೋದೇ ಇಲ್ಲ', 'ಮನೆಗೆ ಯಾರಾದ್ರೂ ಬಂದ್ರೆ ರೂಮು ಬಿಟ್ಟು ಈಚೆಗೇ ಬರಲ್ಲ'. ಮಕ್ಕಳ ವೈದ್ಯರ ಮುಂದೆ, ಶಾಲೆಯ ಪೋಷಕರ ಸಭೆಯಲ್ಲಿ ಇವತ್ತು ಮತ್ತೆ ಮತ್ತೆ ಕೇಳಿಬರುವ ಮಾತುಗಳಿವು. ಇದಕ್ಕೆ ಸಿಗುವ ಸಲಹೆಗಳೂ ಗೊತ್ತಿರುವಂಥವೇ. ಮೊಬೈಲ್ ಕಡಿಮೆ ಮಾಡಿ, ಕರಾಟೆಗೋ ಈಜಿಗೋ ಸೇರಿಸಿ, ವಾರದ ಕೊನೆಗೆ ಹಸಿರಿರುವ ಕಡೆ ಕರೆದುಕೊಂಡು ಹೋಗಿ. ಇವುಗಳಲ್ಲಿ ತಪ್ಪೇನಿಲ್ಲ. ಆದರೆ ಮಗುವಿನ ದಿನದಿಂದ ಜಾರಿಹೋಗಿರುವುದು ಏನು ಎಂಬುದನ್ನು ಈ ಯಾವ ಸಲಹೆಯೂ ಮುಟ್ಟುವುದಿಲ್ಲ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಮಣ್ಣು, ಮರ, ನೀರು ಇರುವ ಜಾಗ, ಅಲ್ಲಿ ಬೇರೆಬೇರೆ ವಯಸ್ಸಿನ ನಾಲ್ಕಾರು ಒಡನಾಡಿಗಳು, ದೊಡ್ಡವರ ಅಪ್ಪಣೆಯಿಲ್ಲದೆ ಕಳೆಯಲು ದಿನಕ್ಕೊಂದು ಎರಡು ಗಂಟೆ: ಜಾರಿಹೋಗಿರುವುದು ಇಷ್ಟು. ಬರೀ ಹಸಿರು ನೋಡುವುದರಿಂದ ಆಗುವ ಉಪಕಾರ ಸ್ವಲ್ಪ. ಆ ಹಸಿರಿನೊಳಗೆ ಮಗು ತಾನೇ ನಡೆಸುವ ಆಟದಿಂದ, ಅದೂ ದಿನಾ ನಡೆಯುವ ಆಟದಿಂದ ಆಗುವ ಉಪಕಾರ ಬಹಳ ದೊಡ್ಡದು. ಇವೆರಡನ್ನು ಬೇರೆ ಮಾಡಿ ನೋಡದಿದ್ದರೆ ಪಾರ್ಕು ಕಟ್ಟುವವರೂ ಎಡವುತ್ತಾರೆ, ತಂದೆತಾಯಿಯೂ ಎಡವುತ್ತಾರೆ.

ಹುಟ್ಟಿನಿಂದ ಬರುವುದೆಷ್ಟು?

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವೆ. ಆ ಮಾತಿನಲ್ಲಿ ಅರ್ಧದಷ್ಟು ನಿಜವಿದೆ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಮಕ್ಕಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಶೇ. 20ರಿಂದ 60ರಷ್ಟು ಅನುವಂಶೀಯತೆಗೆ ಸೇರಿದ್ದು. ಅಮೆರಿಕದ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ನ್ಯೂಯಾರ್ಕಿನ ಮಕ್ಕಳನ್ನು ಶೈಶವದಿಂದಲೇ ವರ್ಷಗಟ್ಟಲೆ ಗಮನಿಸುವ ಕೆಲಸ ಶುರುಮಾಡಿದರು. ಮಗು ಎಷ್ಟು ಚಟುವಟಿಕೆಯಿಂದಿದೆ, ಊಟ ನಿದ್ದೆ ಎಷ್ಟು ಕ್ರಮಬದ್ಧ, ಹೊಸದಕ್ಕೆ ಹೇಗೆ ಎದುರಾಗುತ್ತದೆ, ಎಷ್ಟು ಬೇಗ ಒಗ್ಗಿಕೊಳ್ಳುತ್ತದೆ ಎಂಬಂಥ 9 ಲಕ್ಷಣಗಳನ್ನು ಅವರು ಗುರುತಿಸಿದರು. ಅವರ ಲೆಕ್ಕದಲ್ಲಿ ಸುಮಾರು ಶೇ. 40 ಮಕ್ಕಳು ಸಲೀಸಿನವರು, ಶೇ. 10 ಮಕ್ಕಳು ಸಂಭಾಳಿಸಲು ಕಷ್ಟದವರು, ಶೇ. 15 ಮಕ್ಕಳು ನಿಧಾನಕ್ಕೆ ಒಗ್ಗುವವರು. ಉಳಿದವರು ಯಾವ ಗುಂಪಿಗೂ ಪೂರ್ತಿ ಸೇರದವರು. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಕಗನ್ ನಾಲ್ಕು ತಿಂಗಳ ಕೂಸುಗಳಿಗೆ ಹೊಸ ದನಿ, ಹೊಸ ಆಟಿಕೆ ತೋರಿಸಿ ನೋಡಿದಾಗ ಸುಮಾರು ಐದರಲ್ಲೊಂದು ಕೂಸು ಕೈಕಾಲು ಬಡಿದು ಅತ್ತಿತು. ಅಂಥವರಲ್ಲಿ ಮುಂದೆ ಸಂಕೋಚ, ಅಂಜಿಕೆ ಕಾಣಿಸಿಕೊಂಡದ್ದು ಹೆಚ್ಚು. ಆದರೆ ಎಲ್ಲರಲ್ಲೂ ಕಾಣಿಸಲಿಲ್ಲ.

ಥಾಮಸ್ ಮತ್ತು ಚೆಸ್ ಬಿಟ್ಟುಹೋದ ದೊಡ್ಡ ಕಾಣಿಕೆ ಈ ವಿಂಗಡಣೆಯಲ್ಲ, ಹೊಂದಿಕೆಯ ವಿಚಾರ. ಯಾವ ಹುಟ್ಟುಗುಣವೂ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ. ಮಗು ಬದುಕುವ ಜಾಗ, ಅದರಿಂದ ದೊಡ್ಡವರು ಬಯಸುವ ನಡವಳಿಕೆ, ಮಗುವಿನ ಗುಣ, ಈ ಮೂರೂ ಹೊಂದಿದರೆ ಗುಣ ಶಕ್ತಿಯಾಗುತ್ತದೆ. ಹೊಂದದಿದ್ದರೆ ಅದೇ ಗುಣ ಸಮಸ್ಯೆ ಎನಿಸಿಕೊಳ್ಳುತ್ತದೆ. ಚುರುಕಾದ ಐದು ವರ್ಷದ ಹುಡುಗನೊಬ್ಬ 900 ಚದರಡಿ ಫ್ಲ್ಯಾಟಿನಲ್ಲಿ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಇದ್ದರೆ ದಿನಕ್ಕೆ ಹತ್ತಾರು ಬಾರಿ 'ಓಡಬೇಡ, ಹತ್ತಬೇಡ, ಮುಟ್ಟಬೇಡ' ಕೇಳುತ್ತಾನೆ. ಅದೇ ಹುಡುಗನಿಗೆ ಅಗೆಯಲು ಒಂದು ಮಣ್ಣಿನ ರಾಶಿ, ಹತ್ತಲು ಒಂದು ಸೀಬೆ ಮರ ಸಿಕ್ಕಿದರೆ ಅವನ ಚುರುಕುತನಕ್ಕೆ ಯಾರೂ ಅಡ್ಡ ಬರುವುದಿಲ್ಲ. ಹುಡುಗ ಬದಲಾಗಿಲ್ಲ, ಅವನು ದಿನಾ ಕೇಳುವ ಮಾತು ಬದಲಾಗಿದೆ. ವರ್ಷಗಟ್ಟಲೆ ಕೇಳಿದ ಮಾತು ಮಗು ತನ್ನ ಬಗ್ಗೆ ತಾನು ಇಟ್ಟುಕೊಳ್ಳುವ ಅಭಿಪ್ರಾಯವಾಗುತ್ತದೆ. ಹುಟ್ಟುಗುಣ ಸ್ವಭಾವವಾಗಿ ಗಟ್ಟಿಯಾಗುವುದು ಹೆಚ್ಚಾಗಿ ಇಲ್ಲಿಯೇ.

ತನ್ನನ್ನು ತಾನು ತಡೆದುಕೊಳ್ಳುವ ಕಲೆ

ಸ್ವಭಾವದ ಪದರಗಳಲ್ಲಿ ಪರಿಸರಕ್ಕೆ ಹೆಚ್ಚು ಬಗ್ಗುವ ಪದರ ಒಂದಿದೆ. ಮನೋವಿಜ್ಞಾನಿ ಮೇರಿ ರಾಥ್‌ಬಾರ್ಟ್ ಅದನ್ನು ಪ್ರಯತ್ನಪೂರ್ವಕ ನಿಯಂತ್ರಣ ಎಂದು ಗುರುತಿಸಿದರು. ಕೂಡಲೇ ಮಾಡಬೇಕೆನಿಸಿದ್ದನ್ನು ತಡೆದು, ಮಾಡಬೇಕಾದ್ದನ್ನು ಮಾಡುವ ಶಕ್ತಿ ಇದು. ಎರಡನೇ ವರ್ಷದ ಆಸುಪಾಸಿನಲ್ಲಿ ಮೊಳಕೆಯೊಡೆದು ಏಳರವರೆಗೆ ವೇಗವಾಗಿ ಬೆಳೆಯುತ್ತದೆ. ಸಿಟ್ಟಿನ ಮಗು, ಅಂಜುಬುರುಕ ಮಗು, ಓಡಾಟದ ಮಗು, ಯಾರಿಗಾದರೂ ಈ ಶಕ್ತಿ ಬೆಳೆದರೆ ಹುಟ್ಟುಗುಣದ ಅಂಚು ಮೃದುವಾಗುತ್ತದೆ.

ಇದು ಬೋಧನೆಯಿಂದ ಬರುವುದಿಲ್ಲ, ಆಟದಿಂದ ಬರುತ್ತದೆ. ಲಗೋರಿಯನ್ನೇ ನೋಡಿ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು, ಎರಡು ತಂಡ. ಒಂದು ತಂಡದವರು ಕಲ್ಲಿನ ಗೋಪುರಕ್ಕೆ ಚೆಂಡು ಹೊಡೆದು ಬೀಳಿಸಿ, ಎದುರಾಳಿಯ ಚೆಂಡೇಟು ತಪ್ಪಿಸಿಕೊಳ್ಳುತ್ತ ಮತ್ತೆ ಜೋಡಿಸಬೇಕು. ಆರು ವರ್ಷದ ಹುಡುಗಿ ಕಲ್ಲಿನ ಬಳಿ ಬಂದಿದ್ದಾಳೆ ಅನ್ನಿ. ಬೆನ್ನ ಹಿಂದೆ ಚೆಂಡು ಯಾರ ಕೈಯಲ್ಲಿದೆ ಎಂಬುದು ತಲೆಯಲ್ಲಿರಬೇಕು. ಮೂರು ಕಲ್ಲು ಆಗಿದೆ, ಇನ್ನು ನಾಲ್ಕು ಎಂಬ ಲೆಕ್ಕವಿರಬೇಕು. ಕೈ ನಡುಗಿದರೆ ಗೋಪುರ ಕುಸಿಯುತ್ತದೆ, ಆದ್ದರಿಂದ ಅವಸರವನ್ನು ಬೆರಳ ತುದಿಯಲ್ಲಿ ಹಿಡಿದಿಡಬೇಕು. ಚೆಂಡು ತಗುಲಿದರೆ ತಾನು ಔಟ್ ಎಂದು ಒಪ್ಪಬೇಕು. ಒಪ್ಪದಿದ್ದರೆ ಜಗಳ, ಜಗಳ ಮುಗಿಯದಿದ್ದರೆ ಆಟ ಬಂದ್. ಆಟ ಬಂದ್ ಆಗಬಾರದು ಎಂಬ ಆಸೆಯೇ ಅವಳ ಸಿಟ್ಟಿಗೆ ಕಡಿವಾಣ ಹಾಕುತ್ತದೆ. ಅಂಪೈರ್ ಇರುವ ತರಬೇತಿಯಲ್ಲಿ ಈ ಕೊನೆಯ ಪಾಠ ಸಿಗುವುದಿಲ್ಲ, ಏಕೆಂದರೆ ಅಲ್ಲಿ ತೀರ್ಪು ಕೊಡುವ ಕೆಲಸವನ್ನು ದೊಡ್ಡವರು ಇಟ್ಟುಕೊಂಡಿರುತ್ತಾರೆ. ಕರಾಟೆ ತರಗತಿ ಒಳ್ಳೆಯದೇ, ಆದರೆ ಅದು ಲಗೋರಿಯ ಜಾಗ ತುಂಬುವುದಿಲ್ಲ.

ವಯಸ್ಸು ಬೆರೆತ ಗುಂಪಿನ ಬೆಲೆಯೂ ಇಲ್ಲೇ ಗೊತ್ತಾಗುವುದು. ನಮ್ಮ ಕಡೆ ಚಿಕ್ಕವರನ್ನು ಲೆಕ್ಕಕ್ಕಿಲ್ಲದೆ ಆಟಕ್ಕೆ ಸೇರಿಸಿಕೊಳ್ಳುವ ರೂಢಿಯಿತ್ತು. ನಾಲ್ಕು ವರ್ಷದವನು ಔಟಾದರೂ ಔಟಲ್ಲ, ಆದರೆ ಆಟದೊಳಗೆ ಇರುತ್ತಾನೆ, ನೋಡಿ ಕಲಿಯುತ್ತಾನೆ. ಹತ್ತು ವರ್ಷದವಳು ಅವನಿಗಾಗಿ ಚೆಂಡನ್ನು ಮೆಲ್ಲಗೆ ಎಸೆಯುತ್ತಾಳೆ. ಒಂದೇ ತರಗತಿಯ ಮೂವತ್ತು ಮಕ್ಕಳನ್ನು ಒಟ್ಟಿಗೆ ಬಿಟ್ಟಾಗ ಹೋಲಿಕೆ, ಪೈಪೋಟಿ ಹೆಚ್ಚುತ್ತದೆ. ವಯಸ್ಸು ಬೆರೆತಾಗ ಕಾಳಜಿ, ಅನುಕರಣೆ ಹೆಚ್ಚುತ್ತದೆ.

ಆಸ್ಟ್ರೇಲಿಯಾದ 2,213 ಮಕ್ಕಳನ್ನು ಹಿಂಬಾಲಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಳೆ ವಯಸ್ಸಿನಲ್ಲಿ ಯಾರೂ ನಿರ್ದೇಶಿಸದ ಆಟಕ್ಕೆ ಹೆಚ್ಚು ಹೊತ್ತು ಸಿಕ್ಕ ಮಕ್ಕಳಲ್ಲಿ ಎರಡು ವರ್ಷದ ನಂತರ ಸ್ವನಿಯಂತ್ರಣ ಹೆಚ್ಚಿತ್ತು. ಮೊದಲೇ ಇದ್ದ ಸ್ವನಿಯಂತ್ರಣವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಉಳಿಯಿತು. ನಾರ್ವೆಯಲ್ಲಿ 562 ಮಕ್ಕಳನ್ನು ನಾಲ್ಕರಿಂದ ಏಳನೇ ವಯಸ್ಸಿನವರೆಗೆ ಗಮನಿಸಿದಾಗ ಶಿಶುವಿಹಾರದಲ್ಲಿ ಹೊರಗೆ ಹೆಚ್ಚು ಹೊತ್ತು ಇದ್ದವರಲ್ಲಿ ಗಮನದ ಶಕ್ತಿ ಹೆಚ್ಚು, ಚಡಪಡಿಕೆ ಕಡಿಮೆ ಕಂಡಿತು. ಇಲಿಗಳ ಮೇಲಿನ ಪ್ರಯೋಗಗಳೂ ಇದೇ ದಿಕ್ಕನ್ನು ತೋರಿಸುತ್ತವೆ. ಮರಿಯಾಗಿದ್ದಾಗ ಒಡನಾಡಿಗಳ ಜೊತೆ ಕುಸ್ತಿಯಾಟ ಸಿಗದ ಇಲಿಗಳ ಮಿದುಳಿನ ಮುಂಭಾಗದ ನರಕೋಶಗಳು ಬೇರೆ ರೀತಿ ಬೆಳೆಯುತ್ತವೆ, ಅವು ದೊಡ್ಡವಾದ ಮೇಲೆ ಬೇರೆ ಇಲಿಗಳೊಡನೆ ಸರಿಯಾಗಿ ವ್ಯವಹರಿಸಲಾರವು.

ಹಸಿರಿನ ಪಾಲು

ಆಟವನ್ನು ಒಳಾಂಗಣದಲ್ಲೂ ಆಡಬಹುದಲ್ಲ, ಮಣ್ಣು ಮರವೇ ಏಕೆ ಬೇಕು? ಇದಕ್ಕೆ ಸಿಗುವ ಪುರಾವೆಗಳನ್ನು ಎಚ್ಚರದಿಂದ ಓದಬೇಕು. ಡೆನ್ಮಾರ್ಕಿನಲ್ಲಿ 1985ರಿಂದ 2003ರ ನಡುವೆ ಹುಟ್ಟಿದ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಉಪಗ್ರಹ ಚಿತ್ರಗಳ ಜೊತೆ ಇಟ್ಟು ನೋಡಿದ ಅಧ್ಯಯನ 2019ರಲ್ಲಿ ಬಂತು. ಬಾಲ್ಯದಲ್ಲಿ ಮನೆಯ ಸುತ್ತ ಅತಿ ಕಡಿಮೆ ಹಸಿರಿದ್ದವರಿಗೆ ಮುಂದೆ ಮಾನಸಿಕ ಕಾಯಿಲೆ ಬರುವ ಅಪಾಯ, ಅತಿ ಹೆಚ್ಚು ಹಸಿರಿದ್ದವರಿಗಿಂತ ಶೇ. 55ರವರೆಗೆ ಹೆಚ್ಚು ಎಂದು ಅದು ತೋರಿಸಿತು. ಕುಟುಂಬದ ಆದಾಯ, ತಂದೆತಾಯಿಯ ಕಾಯಿಲೆ ಇತ್ಯಾದಿಗಳನ್ನು ಕಳೆದು ನೋಡಿದ ಮೇಲೂ ನಂಟು ಇತ್ತು. ಆದರೂ ಇದು ನಂಟು ಮಾತ್ರ, ಕಾರಣವೆಂದು ಸಾಧಿಸಿದಂತಲ್ಲ. ಬಾರ್ಸಿಲೋನಾದ 36 ಶಾಲೆಗಳ ಎರಡೂವರೆ ಸಾವಿರ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಾಲೆಯ ಸುತ್ತಮುತ್ತ ಹಸಿರಿದ್ದ ಕಡೆ ಒಂದು ವರ್ಷದಲ್ಲಿ ಮಕ್ಕಳ ಕಾರ್ಯಸ್ಮರಣೆ (ಕೆಲಸ ಮಾಡುತ್ತಿರುವಷ್ಟು ಹೊತ್ತು ವಿಷಯವನ್ನು ತಲೆಯಲ್ಲಿ ಹಿಡಿದಿಡುವ ಶಕ್ತಿ) ಹೆಚ್ಚು ವೇಗವಾಗಿ ಬೆಳೆಯಿತು. ಅದರ ಒಂದು ಪಾಲನ್ನು ಗಾಳಿಯಲ್ಲಿ ವಾಹನದ ಹೊಗೆ ಕಡಿಮೆ ಇದ್ದದ್ದೇ ವಿವರಿಸುತ್ತಿತ್ತು. ಗಮನ ಕೊರತೆಯ ತೊಂದರೆಯಿದ್ದ ಮಕ್ಕಳು ಪಾರ್ಕಿನಲ್ಲಿ 20 ನಿಮಿಷ ನಡೆದ ನಂತರ, ಪೇಟೆಯ ಬೀದಿಯಲ್ಲಿ ನಡೆದದ್ದಕ್ಕಿಂತ ಚೆನ್ನಾಗಿ ಗಮನವಿಟ್ಟರು ಎಂಬ ಅಮೆರಿಕದ ಪ್ರಯೋಗ ತುಂಬ ಪ್ರಸಿದ್ಧ. ಅದರಲ್ಲಿದ್ದ ಮಕ್ಕಳು 17 ಮಂದಿ ಮಾತ್ರ ಎಂಬುದನ್ನೂ ಹೇಳಬೇಕು.

ಇವೆಲ್ಲ ಸೇರಿ ಹೇಳುವುದು ಸಾಧಾರಣವಾದ, ಆದರೆ ಸ್ಥಿರವಾದ ಸಂಗತಿ. ಹಸಿರಿರುವ ಕಡೆ ಗದ್ದಲ, ಹೊಗೆ, ಕಣ್ಣು ಕುಕ್ಕುವ ಬೆಳಕು ಕಡಿಮೆ, ಮಗುವಿನ ಮೈಮನಸ್ಸಿನ ಒತ್ತಡ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಣ್ಣು, ನೀರು, ಎಲೆ, ಕಡ್ಡಿಗಳಿಗೆ ಇಂಥದ್ದೇ ಉಪಯೋಗ ಎಂದಿಲ್ಲ. ಜಾರುಬಂಡೆಯಲ್ಲಿ ಜಾರುವುದಷ್ಟೇ ಸಾಧ್ಯ. ಒಂದು ಅಡಿಕೆ ಹಾಳೆ ಬೆಳಿಗ್ಗೆ ಎಳೆದಾಡುವ ಬಂಡಿ, ಮಧ್ಯಾಹ್ನ ದೋಣಿ, ಸಂಜೆ ಅಂಗಡಿಯ ತಕ್ಕಡಿ. ಇಂಗ್ಲಿಷ್ ವಿನ್ಯಾಸಕಾರ ಸೈಮನ್ ನಿಕೋಲ್ಸನ್ 1971ರಲ್ಲಿ ಇದನ್ನೇ ತತ್ತ್ವವಾಗಿ ಮಂಡಿಸಿದ. ಒಂದು ಜಾಗದಲ್ಲಿ ಅತ್ತಿತ್ತ ಸಾಗಿಸಬಹುದಾದ, ಕೂಡಿಸಿ ಕಳೆಯಬಹುದಾದ ಬಿಡಿ ವಸ್ತುಗಳು ಎಷ್ಟು ಹೆಚ್ಚಿವೆಯೋ ಮಕ್ಕಳ ಕಲ್ಪನೆ, ಹುಡುಕಾಟ ಅಷ್ಟು ಹೆಚ್ಚು ಎಂಬುದು ಅವನ ವಾದ.

ಮಣ್ಣಿಗೆ ಇನ್ನೊಂದು ಗುಣವಿದೆ. ಫಿನ್ಲೆಂಡಿನಲ್ಲಿ ಜಲ್ಲಿ ಹಾಕಿದ್ದ ಶಿಶುವಿಹಾರದ ಅಂಗಳಗಳಿಗೆ ಕಾಡಿನ ನೆಲದ ಹಾಸು, ಹುಲ್ಲು, ಗಿಡ ನೆಡುವ ಪೆಟ್ಟಿಗೆಗಳನ್ನು ತಂದಿಟ್ಟು 3ರಿಂದ 5 ವರ್ಷದ ಮಕ್ಕಳನ್ನು ಆಡಲು ಬಿಟ್ಟರು. 28 ದಿನಗಳಲ್ಲಿ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರೋಗನಿರೋಧಕ ವ್ಯವಸ್ಥೆಯನ್ನು ಹದದಲ್ಲಿಡುವ ಅಂಶಗಳು ರಕ್ತದಲ್ಲಿ ಏರಿದವು. ಇದು ಸ್ವಭಾವದ ಮೇಲಿನ ಪ್ರಯೋಗವಲ್ಲ. ಆದರೆ 'ಮಣ್ಣು ಮುಟ್ಟಿದರೆ ಕಾಯಿಲೆ' ಎಂಬ ಒಂದೇ ಮಾತಿನಿಂದ ಮಕ್ಕಳನ್ನು ಒಳಗೆ ಕೂರಿಸುವವರು ಇದನ್ನು ತಿಳಿದಿರಬೇಕು. ಕಣ್ಣಿನ ವಿಷಯದಲ್ಲಿ ಪುರಾವೆ ಇನ್ನೂ ಗಟ್ಟಿ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟಾಗ ಮೂರು ವರ್ಷದಲ್ಲಿ ಶೇ. 30.4 ಮಕ್ಕಳಿಗೆ ಸಮೀಪದೃಷ್ಟಿ ಬಂತು. ಹೀಗೆ ಬಿಡದ ಶಾಲೆಗಳಲ್ಲಿ ಅದು ಶೇ. 39.5.

ಅಂಜಿಕೆ ಕರಗುವುದು ಎತ್ತರದಲ್ಲಿ

ನಾರ್ವೆಯ ಸಂಶೋಧಕಿ ಎಲ್ಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಮಕ್ಕಳು ತಾವಾಗಿ ಹುಡುಕಿಕೊಂಡು ಹೋಗುವ ಸಾಹಸದ ಆಟಗಳನ್ನು ಆರು ಬಗೆಯಾಗಿ ಗುರುತಿಸಿದರು: ಎತ್ತರ ಹತ್ತುವುದು, ಜೋರಾಗಿ ಓಡುವುದು, ಹರಿತವಾದ ಸಲಕರಣೆ ಬಳಸುವುದು, ನೀರು ಬೆಂಕಿಯಂಥವುಗಳ ಹತ್ತಿರ ಆಡುವುದು, ಗುದ್ದಾಡುವುದು, ದೊಡ್ಡವರ ಕಣ್ಣಿಂದ ಮರೆಯಾಗುವುದು. ಮರಕೋತಿ, ಬುಗುರಿ, ಚಿನ್ನಿದಾಂಡು, ಕಣ್ಣಾಮುಚ್ಚಾಲೆ, ಕೆರೆದಡ ಇವುಗಳನ್ನು ಈ ಪಟ್ಟಿಯ ಪಕ್ಕ ಇಟ್ಟು ನೋಡಿದರೆ ನಮ್ಮ ಹಳೆಯ ಆಟಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಬಗೆಗೆ ಸೇರುತ್ತವೆ.

ಹೆದರಿಕೆಯ ಬಗ್ಗೆ ನಮಗಿರುವ ಲೆಕ್ಕಾಚಾರ ತಲೆಕೆಳಗು. ಬಿದ್ದ ಮಗು ಎತ್ತರಕ್ಕೆ ಹೆದರುತ್ತದೆ ಎಂದುಕೊಳ್ಳುತ್ತೇವೆ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ ಹುಟ್ಟಿನಿಂದ ಹಿಂಬಾಲಿಸಿದ ಮಕ್ಕಳಲ್ಲಿ, ಚಿಕ್ಕಂದಿನಲ್ಲಿ ಬಿದ್ದು ಗಾಯ ಮಾಡಿಕೊಂಡಿದ್ದವರ ಪೈಕಿ 18ನೇ ವಯಸ್ಸಿಗೆ ಎತ್ತರದ ಭಯ ಇದ್ದವರು ಹೆಚ್ಚಿರಲಿಲ್ಲ, ಕಡಿಮೆಯೇ ಇದ್ದರು. ಹತ್ತುವ ಮಕ್ಕಳೇ ಬೀಳುವುದು, ಹತ್ತುವ ಮಕ್ಕಳಿಗೇ ಎತ್ತರ ಪರಿಚಯವಾಗುವುದು. ಹುಟ್ಟಿನಿಂದ ಅಂಜುವ ಮಗುವಿಗೆ ಇದು ಇನ್ನೂ ಮುಖ್ಯ. ಎದೆ ಡವಡವ ಎನ್ನುವಾಗಲೂ ಕೈ ಬಿಡದೆ ಇಳಿದು ಬಂದ ಅನುಭವ ಅದರ ಮೈಗೆ ಒಂದು ಹೊಸ ಪಾಠ: ಎದೆ ಹೊಡೆದುಕೊಳ್ಳುವುದು ಅಪಾಯದ ಲಕ್ಷಣವೇ ಆಗಬೇಕಿಲ್ಲ, ಅದು ತಾನಾಗಿ ಇಳಿಯುತ್ತದೆ.

ಇಲ್ಲಿ ದೊಡ್ಡವರ ನಾಲಿಗೆಯೇ ದೊಡ್ಡ ಅಡ್ಡಿ. 'ಪುಟ್ಟಾ, ಬೀಳ್ತೀಯಾ!' ಎಂದು ಕೆಳಗಿನಿಂದ ಕೂಗಿದರೆ ಮಗು ಕೊಂಬೆಯ ಮೇಲಿನ ಗಮನ ಬಿಟ್ಟು ಕೂಗಿದವರ ಕಡೆ ತಿರುಗುತ್ತದೆ. ಜಾರುವುದು ಆಗಲೇ. 'ಎಡಗಾಲು ಎಲ್ಲಿಡ್ತೀಯಾ ನೋಡು', 'ಆ ಕೊಂಬೆ ಅಲ್ಲಾಡುತ್ತಾ ಪರೀಕ್ಷೆ ಮಾಡು' ಎಂದು ಮೆಲ್ಲನೆ ಹೇಳಿದರೆ ಗಮನ ಮರದಲ್ಲೇ ಉಳಿಯುತ್ತದೆ. ತಾನಾಗಿ ಹತ್ತಲಾರದ ಎತ್ತರಕ್ಕೆ ಮಗುವನ್ನು ಎತ್ತಿ ಕೂರಿಸುವುದು ಮಾತ್ರ ತಪ್ಪು. ತಾನೇ ಹತ್ತಿದ ಮಗುವಿಗೆ ಇಳಿಯುವ ದಾರಿಯೂ ಸಾಮಾನ್ಯವಾಗಿ ಗೊತ್ತಿರುತ್ತದೆ.

ಮರದ ಆಯ್ಕೆಯೂ ಗೊತ್ತಿರಬೇಕು. ಸೀಬೆ, ಹುಣಸೆ, ಕವಲು ಕೆಳಗಿರುವ ಮಾವು ಹತ್ತಲು ಒಳ್ಳೆಯವು. ನುಗ್ಗೆ, ನೇರಳೆ, ಗುಲ್‌ಮೊಹರ್ ಕೊಂಬೆಗಳು ನೋಡಲು ಗಟ್ಟಿ, ಹೇಳದೆ ಕೇಳದೆ ಮುರಿಯುತ್ತವೆ. ಮಗುವಿನ ಮಣಿಕಟ್ಟಿಗಿಂತ ತೆಳ್ಳಗಿನ ಕೊಂಬೆಗೆ ಮೈಭಾರ ಹಾಕಬಾರದು, ಒಣ ಕೊಂಬೆ ಯಾವುದಾದರೂ ಬೇಡ, ಮಳೆ ಬಂದ ದಿನ ಪಾಚಿ ಕಟ್ಟಿದ ಕಾಂಡ ಬೇಡ.

ಪಾರ್ಕಿದ್ದೂ ಆಟವಿಲ್ಲ

ನಮ್ಮ ನಗರಗಳಲ್ಲಿ ಪಾರ್ಕುಗಳಿಲ್ಲವೆಂದಲ್ಲ. ಬೆಂಗಳೂರಿನ ಬಡಾವಣೆಯ ಸಾಮಾನ್ಯ ಪಾರ್ಕೊಂದರಲ್ಲಿ ಸುತ್ತ ಇಂಟರ್‌ಲಾಕ್ ಟೈಲ್ಸಿನ ನಡಿಗೆ ದಾರಿ, ನಡುವೆ ಬೇಲಿ ಹಾಕಿದ ಹುಲ್ಲುಹಾಸು, 'ಹುಲ್ಲಿನ ಮೇಲೆ ನಡೆಯಬೇಡಿ' ಫಲಕ, ದೊಡ್ಡವರ ವ್ಯಾಯಾಮದ ಸಲಕರಣೆ, ಒಂದು ಮೂಲೆಯಲ್ಲಿ ಬಿಸಿಲಿಗೆ ಕಾದ ಪ್ಲಾಸ್ಟಿಕ್ ಜಾರುಬಂಡೆ. ಅದು ವಾಕಿಂಗಿಗೆ ಮಾಡಿದ ಜಾಗ. ಮಗು ಅಲ್ಲಿ ಅಗೆಯುವಂತಿಲ್ಲ, ಹತ್ತುವಂತಿಲ್ಲ, ಚೆಂಡು ಆಡುವಂತಿಲ್ಲ. ಅಪಾರ್ಟ್‌ಮೆಂಟುಗಳಲ್ಲಿ ರಬ್ಬರಿನ ನೆಲ ಬಂದಿದೆ. ಬೀಳುವ ಪೆಟ್ಟು ತಗ್ಗುತ್ತದೆ ನಿಜ, ಆದರೆ ನೇರ ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುತ್ತದೆ, ಮೇಲಾಗಿ ಅಲ್ಲಿ ಬದಲಿಸಲು ಏನೂ ಇಲ್ಲ.

ಹಳ್ಳಿಯಲ್ಲಿ ಎಲ್ಲ ಸರಿಯಿದೆ ಎಂದೂ ಹೇಳಲಾಗದು. ಬೆಳಿಗ್ಗೆ ಏಳೂವರೆಗೆ ಪಕ್ಕದ ಪೇಟೆಯ ಶಾಲೆಯ ವ್ಯಾನು, ಸಂಜೆ ಐದೂವರೆಗೆ ವಾಪಸು, ಆಮೇಲೆ ಟ್ಯೂಷನ್. ಮನೆಯ ಹಿಂದೆಯೇ ತೋಟವಿದ್ದರೂ ಅಲ್ಲಿಗೆ ಹೋಗುವ ಹೊತ್ತು ಆ ಮಗುವಿನ ಕೈಯಲ್ಲಿಲ್ಲ. ಹೆಣ್ಣುಮಕ್ಕಳದ್ದು ಇನ್ನೂ ನೋವಿನ ಸಂಗತಿ. ಹತ್ತು ಹನ್ನೊಂದಕ್ಕೆ ಬಂದರೆ ಸಾಕು, 'ಇನ್ನು ಮರ ಹತ್ತುವ ವಯಸ್ಸಲ್ಲ' ಎಂಬ ಮಾತು ಬರುತ್ತದೆ. ಅಣ್ಣ ಕ್ರಿಕೆಟ್ಟಿಗೆ ಹೋಗುತ್ತಾನೆ, ತಂಗಿ ಪಾತ್ರೆ ತೊಳೆಯುತ್ತಾಳೆ. ಮುಂದೆ ಅವಳನ್ನೇ 'ಧೈರ್ಯ ಸಾಲದು' ಎಂದು ದೂರುತ್ತೇವೆ. ಧೈರ್ಯ ಬೆಳೆಯುವ ಜಾಗದಿಂದ ಅವಳನ್ನು ನಾವೇ ಹೊರಗಿಟ್ಟಿದ್ದೆವು.

ಹತ್ತಡಿ ಜಾಗದಲ್ಲಿ ಏನು ಮಾಡಬಹುದು

ಅಪಾರ್ಟ್‌ಮೆಂಟಿನ ಮೂಲೆ, ಅಂಗನವಾಡಿಯ ಹಿಂಭಾಗ, ಶಾಲೆಯ ಕಾಂಪೌಂಡಿನ ಅಂಚು, ಎಲ್ಲಿಯಾದರೂ 10 ಅಡಿ ಉದ್ದ 10 ಅಡಿ ಅಗಲದ ಜಾಗ ಸಿಕ್ಕಿದರೆ ಒಂದು ಹೊತ್ತಿಗೆ ಹತ್ತು ಹನ್ನೆರಡು ಮಕ್ಕಳಿಗೆ ಸಾಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಮರದ ನೆರಳಿರುವ ಕಡೆ ಆರಿಸಿ. ಸುಮಾರು ಒಂದೂಕಾಲು ಅಡಿ ಅಗೆದು, ತಳಕ್ಕೆ 3 ಇಂಚು ಜಲ್ಲಿ ಹಾಕಿ, ಅದರ ಮೇಲೆ ನೆರಳು ಬಲೆಯ ಎರಡು ಪದರ ಹಾಸಿ, ಮೇಲೆ ಒಂದಡಿ ಮರಳು ತುಂಬಿ. ಇದಕ್ಕೆ ಸುಮಾರು 100 ಘನ ಅಡಿ ಮರಳು ಬೇಕು. ಜಲ್ಲಿ ಬಿಟ್ಟರೆ ಮಳೆಗಾಲದಲ್ಲಿ ನೀರು ನಿಂತು ವಾಸನೆ ಬರುತ್ತದೆ, ಬಲೆ ಬಿಟ್ಟರೆ ಒಂದೇ ವರ್ಷದಲ್ಲಿ ಜಲ್ಲಿ ಮೇಲೆ ಬರುತ್ತದೆ. ಕಾಂಕ್ರೀಟಿಗೆ ಬಳಸುವ ಎಂ-ಸ್ಯಾಂಡ್ ಬೇಡ, ಅದರ ಚೂಪು ಕಣ ಚರ್ಮ ಕೆರೆಯುತ್ತದೆ, ದೂಳು ಏಳುತ್ತದೆ. ತೊಳೆದು ಜರಡಿ ಹಿಡಿದ ಮರಳು ಬೇಕು. ಪಕ್ಕದಲ್ಲಿ ಕೆಮ್ಮಣ್ಣಿನ ಒಂದು ಗುಡ್ಡೆ, ಒಂದು ನಲ್ಲಿ ಅಥವಾ ದಿನಕ್ಕೆ ಎರಡು ಬಕೆಟ್ ನೀರು ಇರಲಿ. ನೀರಿಲ್ಲದ ಮರಳು ಕಟ್ಟಲು ಬರುವುದಿಲ್ಲ, ಮಕ್ಕಳು ಎರಚಾಡಲು ಶುರುಮಾಡುತ್ತಾರೆ. 'ಮರಳು ಹಾಕಿದರೆ ಮಕ್ಕಳು ಜಗಳ ಆಡ್ತಾರೆ' ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಇದೇ.

ಬಿಡಿ ವಸ್ತುಗಳಿಗೆ ದುಡ್ಡು ಖರ್ಚಾಗುವುದಿಲ್ಲ. ಮೂವತ್ತು ತೆಂಗಿನ ಚಿಪ್ಪು, ಏಳೆಂಟು ಅಡಿಕೆ ಹಾಳೆ, ಎರಡರಿಂದ ನಾಲ್ಕು ಅಡಿಯ ಬಿದಿರ ತುಂಡುಗಳು (ಕತ್ತರಿಸಿದ ಅಂಚನ್ನು ಮರಳುಕಾಗದದಿಂದ ಉಜ್ಜಿ), ನಾಲ್ಕೈದು ಹಲಗೆ (ಮೊಳೆ ಕಿತ್ತು), ಗೋಣಿಚೀಲ, ಹಳೆಯ ಟೈರು. ಟೈರಿಗೆ ಕೆಳಗೆ ನಾಲ್ಕು ತೂತು ಕೊರೆಯಲೇಬೇಕು, ನೀರು ನಿಂತರೆ ಡೆಂಗಿ ಸೊಳ್ಳೆಗೆ ತವರು. ಚಿಪ್ಪುಗಳನ್ನೂ ಸಂಜೆ ಬೋರಲು ಹಾಕಬೇಕು. ಹಗ್ಗವನ್ನು ದೊಡ್ಡವರು ಹತ್ತಿರ ಇದ್ದಾಗ ಮಾತ್ರ ಕೊಡಿ, ನೇತಾಡುವ ಕುಣಿಕೆ ಬಿಟ್ಟು ಹೋಗಬೇಡಿ.

ರಾತ್ರಿ ಮರಳಿನ ಮೇಲೆ ಬಲೆ ಅಥವಾ ಟಾರ್ಪಾಲ್ ಮುಚ್ಚದಿದ್ದರೆ ಬೆಕ್ಕು ನಾಯಿಗಳು ಹೊಲಸು ಮಾಡುತ್ತವೆ, ಅದರಿಂದ ಮಕ್ಕಳಿಗೆ ಹುಳುವಿನ ತೊಂದರೆ ಬರುತ್ತದೆ. ವಾರಕ್ಕೊಮ್ಮೆ ಹಾರೆಯಿಂದ ಮಗುಚಿ ಬಿಸಿಲು ಕಾಣಿಸಿ, ಗಾಜು ಮೊಳೆ ಆರಿಸಿ. ಆಟ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಉಗುರು ಕತ್ತರಿಸುವುದು, ವರ್ಷಕ್ಕೆರಡು ಬಾರಿ ಶಾಲೆ ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ, ಇಷ್ಟು ತಪ್ಪಿಸದಿದ್ದರೆ ಮಣ್ಣಿಗೆ ಹೆದರುವ ಅಗತ್ಯವಿಲ್ಲ. ಹತ್ತುವ ಚೌಕಟ್ಟು ಇಡುವುದಾದರೆ ನಾಲ್ಕು ಅಡಿ ಎತ್ತರದವರೆಗೆ ಕೆಳಗೆ 9 ಇಂಚು ಸಡಿಲ ಮರಳು ಇರಲೇಬೇಕು. ಮರಳು ದಿನಗಳೆದಂತೆ ಗಟ್ಟಿಯಾಗುತ್ತದೆ, ಅದನ್ನು ಕೆದಕಿ ಸಡಿಲ ಮಾಡದಿದ್ದರೆ ಅದು ಸಿಮೆಂಟಿಗಿಂತ ಹೆಚ್ಚು ಮೆತ್ತಗಿರುವುದಿಲ್ಲ.

ಸುತ್ತ ಬೆಳೆದಿರುವ ಗಿಡಗಳನ್ನು ಒಮ್ಮೆ ನೋಡಿ. ಕಣಗಿಲೆ, ಉಮ್ಮತ್ತಿ, ಹರಳು, ಗುಲಗಂಜಿ ಬಳ್ಳಿ ವಿಷದವು, ಆಟದ ಜಾಗದಲ್ಲಿ ಬೇಡ. ಪಾರ್ಥೇನಿಯಂ ಕಿತ್ತು ಹಾಕಬೇಕು, ಕೀಳುವವರು ಕೈಗವಸು ಹಾಕಿಕೊಳ್ಳಲಿ. ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಬೇಕು. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ, ಮಗುವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸೇರಿಸಬೇಕು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನಲ್ಲಿ ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆಯ ಊರುಗಳಲ್ಲಿ ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಕಾಡಂಚಿನ ಒಣ ಎಲೆಯಲ್ಲಿ ಮಕ್ಕಳನ್ನು ಆಡಲು ಬಿಡಬಾರದು. ಆ ತಿಂಗಳುಗಳಲ್ಲಿ ಗುಡಿಸಿದ ಅಂಗಳವೇ ಸರಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಮೇ ಬಿಸಿಲಿನಲ್ಲಿ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದೂವರೆ ನಂತರ ಆಟ. ನಡುವಿನ ಹೊತ್ತಿಗೆ ಪಡಸಾಲೆಯಲ್ಲಿ ಚೌಕಾಬಾರ, ಅಳಗುಳಿಮಣೆ ಇವೆ.

ಮಗುವಿನ ಗುಣ ನೋಡಿ ಶುರುಮಾಡಿ

ನಿಧಾನಕ್ಕೆ ಒಗ್ಗುವ ಮಗುವನ್ನು ಗಲಾಟೆ ಜೋರಾದ ಹೊತ್ತಿಗೆ ಕರೆತಂದು 'ಹೋಗು, ಆಡು' ಎಂದು ತಳ್ಳಿದರೆ ಅದು ಅಮ್ಮನ ಸೆರಗಿಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಳಿದವರಿಗಿಂತ ಕಾಲು ಗಂಟೆ ಮೊದಲು ಕರೆತನ್ನಿ. ಜಾಗ ತನ್ನದೆನಿಸಿದ ಮೇಲೆ ಒಬ್ಬೊಬ್ಬರಾಗಿ ಬರುವ ಮಕ್ಕಳನ್ನು ಅದು ಎದುರುಗೊಳ್ಳಬಲ್ಲದು. ಮೊದಲ ವಾರ ಪಕ್ಕದಲ್ಲಿ ಒಂಟಿಯಾಗಿ ಅಗೆಯುತ್ತಿದ್ದರೆ ಅದೂ ಆಟವೇ, ಅವಸರಪಡಿಸಬೇಡಿ. ಮನೆಗೆ ವಾಪಸು ಕರೆದೊಯ್ಯುವ ತಪ್ಪನ್ನೂ ಮಾಡಬೇಡಿ. ಅಂಜುವ ಕೂಸುಗಳನ್ನು ಎಲ್ಲದರಿಂದ ಕಾಪಾಡುತ್ತ ಬಂದ ಮನೆಗಳಲ್ಲಿ ಅಂಜಿಕೆ ಉಳಿಯಿತು, ಮೆಲ್ಲಗೆ ಮುಂದಕ್ಕೆ ಬಿಟ್ಟ ಮನೆಗಳಲ್ಲಿ ಕಡಿಮೆಯಾಯಿತು ಎಂಬುದು ಕಗನ್ ತಂಡದ ಅವಲೋಕನವೂ ಹೌದು.

ಚಡಪಡಿಕೆಯ ಮಗುವಿಗೆ ಓಟಕ್ಕಿಂತ ಭಾರದ ಕೆಲಸ ಹೆಚ್ಚು ಹಿಡಿಸುತ್ತದೆ. ಬಕೆಟಿನಲ್ಲಿ ನೀರು ಹೊರುವುದು, ಹಾರೆಯಿಂದ ಕಾಲುವೆ ತೋಡುವುದು, ಹಾಳೆಯ ಮೇಲೆ ಗೆಳೆಯನನ್ನು ಕೂರಿಸಿ ಎಳೆಯುವುದು. ಶಾಲೆಯಿಂದ ಬಂದ ಕೂಡಲೇ ಹೋಮ್‌ವರ್ಕಿಗೆ ಕೂರಿಸದೆ ಮೊದಲು ಅರ್ಧ ಗಂಟೆಯಿಂದ ಒಂದು ಗಂಟೆ ಹೊರಗೆ ಬಿಡಿ, ಆಮೇಲೆ ಪುಸ್ತಕ. ಮುಟ್ಟಿದ್ದೆಲ್ಲ ಕಿರಿಕಿರಿ ಎನಿಸುವ ಸೂಕ್ಷ್ಮ ಮಗುವಿಗೆ ಒದ್ದೆ ಮಣ್ಣನ್ನು ಮೊದಲೇ ಕೊಡಬಾರದು. ಒಣ ಮರಳು, ಒಂದು ಸೌಟು, ಚಿಪ್ಪು ಕೊಡಿ, ಬೆರಳು ತಾನಾಗಿ ಇಳಿಯುತ್ತದೆ. ಇಂಥ ಸೂಕ್ಷ್ಮ ಮಕ್ಕಳು ಕೆಟ್ಟ ಪರಿಸರದಲ್ಲಿ ಹೆಚ್ಚು ನಲುಗುತ್ತಾರೆ, ಒಳ್ಳೆಯ ಪರಿಸರದಲ್ಲಿ ಉಳಿದವರಿಗಿಂತ ಹೆಚ್ಚು ಅರಳುತ್ತಾರೆ. ಆದ್ದರಿಂದ ಆಟದ ಜಾಗದ ಅಗತ್ಯ ಅವರಿಗೇ ಎಲ್ಲರಿಗಿಂತ ಹೆಚ್ಚು.

ಜಗಳವಾದಾಗ ಓಡಿಹೋಗಿ ನ್ಯಾಯ ಹೇಳಬೇಡಿ. ಕಲ್ಲು, ಕೋಲು ಕೈಯಲ್ಲಿಲ್ಲದಿದ್ದರೆ, ಒಬ್ಬನನ್ನು ಹಲವರು ಸೇರಿ ಹಿಂಸಿಸುತ್ತಿಲ್ಲದಿದ್ದರೆ ಒಂದೆರಡು ನಿಮಿಷ ದೂರದಿಂದ ನೋಡಿ. ಬಹುಪಾಲು ಜಗಳಗಳು ಅಷ್ಟರೊಳಗೆ ಹೊಸ ನಿಯಮವೊಂದರಲ್ಲಿ ಮುಗಿಯುತ್ತವೆ.

ಹೊತ್ತು ಎಲ್ಲಿಂದ ತರುವುದು

ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಎರಡರಿಂದ ನಾಲ್ಕರವರಿಗೆ ಪರದೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ತಿಂಗಳಿಗೊಂದು ರೆಸಾರ್ಟ್ ಪ್ರವಾಸದಿಂದ ಈ ಲೆಕ್ಕ ತುಂಬುವುದಿಲ್ಲ. ಒಂದೇ ಜಾಗಕ್ಕೆ ದಿನಾ ಹೋದಾಗಲೇ ಮಗು ನಿನ್ನೆ ಕಟ್ಟಿದ ಅಣೆಕಟ್ಟೆಯನ್ನು ಇವತ್ತು ಮುಂದುವರಿಸುತ್ತದೆ, ನಿನ್ನೆ ಜಗಳವಾಡಿದವನ ಜೊತೆ ಇವತ್ತು ರಾಜಿಯಾಗುತ್ತದೆ. ವಾರದಲ್ಲಿ ಎರಡು ತರಗತಿಗಳನ್ನು ಬಿಡಿಸಿದರೆ ಸಾಕು, ಹೊತ್ತು ಸಿಗುತ್ತದೆ. ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಯ ಜೊತೆ ಪೋಷಕರು ಮಾತನಾಡಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಗ್ರಿ ಕಡ್ಡಾಯವೆಂದಿದೆ.

ಬಡಾವಣೆಯ ಮೈದಾನ ಕಟ್ಟಡಕ್ಕೆ, ಪಾರ್ಕಿಂಗಿಗೆ ಹೋಗುವ ಹೊತ್ತಿನಲ್ಲಿ ನೆನಪಿಡಬೇಕಾದ ಕಾನೂನು ಕರ್ನಾಟಕದಲ್ಲೇ ಇದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರಲ್ಲಿ ರಾಜ್ಯ ಪ್ರತ್ಯೇಕ ಕಾಯ್ದೆ ಮಾಡಿತು. ನಿವಾಸಿಗಳ ಸಂಘ ಮನವಿ ಕೊಡುವಾಗ ಈ ಕಾಯ್ದೆಯನ್ನು ಹೆಸರಿಸಿ, ಜಾಗದ ಸರ್ವೆ ಸಂಖ್ಯೆ, ಬಡಾವಣೆಯ ನಕ್ಷೆಯ ಪ್ರತಿ ಲಗತ್ತಿಸಿ ಲಿಖಿತ ಸ್ವೀಕೃತಿ ಪಡೆಯುವುದು ಒಳ್ಳೆಯದು. ಇರುವ ಪಾರ್ಕಿನಲ್ಲೇ ಬದಲಾವಣೆ ಬೇಕಿದ್ದರೆ ಇಡೀ ಪಾರ್ಕನ್ನು ಕೇಳಬೇಡಿ. ಒಂದು ಮೂಲೆ, ಮೂರು ತಿಂಗಳ ಪ್ರಯೋಗ, ಸಂಜೆ ನಾಲ್ಕೂವರೆಯಿಂದ ಆರೂವರೆ, ಮುಚ್ಚುವ ಹೊದಿಕೆ ಮತ್ತು ವಾರದ ಸ್ವಚ್ಛತೆಯ ಹೊಣೆ ಇಂಥ ನಾಲ್ಕು ಮನೆಯವರದ್ದು ಎಂದು ಬರೆದುಕೊಡಿ. ಹಿರಿಯರ ಆಕ್ಷೇಪ ಸಾಮಾನ್ಯವಾಗಿ ಗದ್ದಲದ ಬಗ್ಗೆ ಇರುತ್ತದೆ. ಅವರ ಬೆಂಚಿನಿಂದ ದೂರದ ಮೂಲೆ ಆರಿಸಿದರೆ ಆ ಆಕ್ಷೇಪಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಅವರಲ್ಲೇ ಒಬ್ಬಿಬ್ಬರನ್ನು ಬುಗುರಿಗೆ ಚಾಟಿ ಸುತ್ತುವುದನ್ನು ಹೇಳಿಕೊಡಲು ಕರೆಯಬಹುದು.